ಚುಂಚನಕಟ್ಟೆಯ ಸುಳಿ, ಮೂಸೆಯ ಸುಳಿ

ಮಳೆಗಾಲದಲ್ಲಿ ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋದವರಿಗೆ ಜಲಪಾತ ಕಾಣುವ ಮೊದಲೇ ಅದರ ಮೊರೆತ ಕೇಳಿಸುತ್ತದೆ. ಕವಲೊಡೆದು ಸುಮಾರು 60 ಅಡಿ ಕೆಳಗೆ ಧುಮುಕುವ ಕಾವೇರಿ ಬಂಡೆಗಳ ನಡುವೆ ಸುಳಿಸುಳಿಯಾಗಿ ತಿರುಗಿ ಮುಂದೆ ಸಾಗುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಅದರ ಗರ್ಭಗುಡಿಯೊಳಗೆ ಮಾತ್ರ ಈ ಸದ್ದು ಕೇಳಿಸದು ಎಂಬುದು ಇಲ್ಲಿನವರ ನಂಬಿಕೆ.

ಈ ಸೀಮೆಯ ನೀರೆಲ್ಲ ಕೊನೆಗೆ ಸೇರುವುದು ಒಂದೇ ಕಡೆ. ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು ಬರುವ ಕಾವೇರಿಯನ್ನು ಹುಣಸೂರಿನ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೂಡಿಕೊಳ್ಳುತ್ತದೆ, ಎಚ್.ಡಿ. ಕೋಟೆಯ ಕಬಿನಿ ತಿರುಮಕೂಡಲಿನಲ್ಲಿ. ಅಲ್ಲಿಂದ ಮುಂದೆ ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆ. ಆ ಮೆಟ್ಟೂರಿನಲ್ಲೇ 1980ರ ದಶಕದಲ್ಲಿ ಮೆಟ್‌ಕೆಮ್ ಕಾರ್ಖಾನೆ ಶುದ್ಧ ಸಿಲಿಕಾನ್ ತಯಾರಿಸಿತು. ಅದರ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಆರ್. ವಾಸುದೇವಮೂರ್ತಿ ಮತ್ತು ಸಂಗಡಿಗರು ನಡೆಸಿದ ಕೆಲಸವಿತ್ತು.

ಶುದ್ಧಗೊಳಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕಂಪ್ಯೂಟರಿನ ಚಿಪ್‌ಗೆ ಬೇಕಾದದ್ದು ಪರಮಾಣುಗಳೆಲ್ಲ ಒಂದೇ ಕ್ರಮದಲ್ಲಿ ಜೋಡಣೆಯಾದ ಅಖಂಡ ಸ್ಫಟಿಕ. ಕ್ವಾರ್ಟ್ಸ್ ಮೂಸೆಯಲ್ಲಿ 1414 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದ ಸಿಲಿಕಾನಿಗೆ ಪುಟ್ಟ ಬೀಜಸ್ಫಟಿಕವೊಂದನ್ನು ತಾಗಿಸಿ, ತಿರುಗಿಸುತ್ತ, ಗಂಟೆಗಟ್ಟಲೆ ನಿಧಾನವಾಗಿ ಮೇಲಕ್ಕೆಳೆಯುತ್ತಾರೆ. ಪೋಲೆಂಡಿನ ಯಾನ್ ಚೊಕ್ರಾಲ್ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನದ ಮುಂದುವರಿಕೆ ಇದು.

ಕಷ್ಟ ಬರುವುದು ಇಲ್ಲಿಯೇ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವುದನ್ನು ನೋಡಿದ್ದೀರಾ? ಬಿಸಿಯಾದದ್ದು ಮೇಲೇರಿ, ತಣಿದದ್ದು ಕೆಳಗಿಳಿದು, ಎಲ್ಲವೂ ಹೊರಳಾಡುತ್ತದೆ. ಬೆಲ್ಲಕ್ಕೆ ಅದರಿಂದ ಕೇಡಿಲ್ಲ. ಮೂಸೆಯಲ್ಲೂ ಇದೇ ಹೊರಳಾಟ. ಸ್ಫಟಿಕ ಬೆಳೆಯುವ ಜಾಗದಲ್ಲಿ ಶಾಖ ಕ್ಷಣಕ್ಷಣಕ್ಕೂ ಏರಿಳಿದರೆ ಬೆರಕೆ ವಸ್ತುಗಳು ಪಟ್ಟೆಪಟ್ಟೆಯಾಗಿ ಒಳಸೇರುತ್ತವೆ. ಮೂಸೆಯ ಗೋಡೆ ಕರಗಿ ಬರುವ ಆಮ್ಲಜನಕವನ್ನೂ ಈ ಹರಿವೇ ಹೊತ್ತು ತರುತ್ತದೆ. ತುಸು ಆಮ್ಲಜನಕ ಸ್ಫಟಿಕಕ್ಕೆ ಗಟ್ಟಿತನ ಕೊಡುತ್ತದೆ, ಅತಿಯಾದರೆ ದೋಷ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಈ ಆತಂಕ ಹೊಸದಲ್ಲ. ಬ್ಯಾರನ್‌ನ ಶಾಖ ಒಂದು ರಾತ್ರಿ ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಟ್ಟು, ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಬ್ಯಾರನ್‌ನ ಗಾಳಿಕಿಂಡಿಯನ್ನಾದರೂ ತೆರೆದು ಮುಚ್ಚಬಹುದು. ಕರಗಿದ ಸಿಲಿಕಾನಿಗೆ ಸೌಟು ಇಳಿಸುವಂತಿಲ್ಲ, ಮುಟ್ಟಿದರೆ ಮೈಲಿಗೆ! ಆದ್ದರಿಂದ ಹೊರಗಡೆಯೇ ಅಯಸ್ಕಾಂತಗಳನ್ನಿಡುತ್ತಾರೆ. 'ಸಿಲಿಕಾನನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ' ಎಂದು ವಿದ್ಯಾರ್ಥಿಗಳು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಕರಗಿದ ಸಿಲಿಕಾನ್ ಲೋಹದಂತೆ ವಿದ್ಯುತ್ ವಾಹಕ. ಕಾಂತಕ್ಷೇತ್ರದಲ್ಲಿ ಅದು ಚಲಿಸಿದೊಡನೆ ಅದರೊಳಗೆ ವಿದ್ಯುತ್ ಹುಟ್ಟುತ್ತದೆ. ಕಾಂತಕ್ಷೇತ್ರ ಆ ವಿದ್ಯುತ್ತಿನ ಮೇಲೆ ಹಾಕುವ ಬಲ ಚಲನೆಗೇ ಅಡ್ಡಬರುತ್ತದೆ. ಓಟ ಜೋರಾದಷ್ಟೂ ತಡೆಯೂ ಜೋರು. ಸುಮ್ಮನೆ ನಿಂತ ದ್ರವದ ಗೊಡವೆಗೆ ಅದು ಹೋಗುವುದೇ ಇಲ್ಲ. ಇಂಥ ಸಂಯಮದ ಕಾವಲುಗಾರ ಬೇರೆಲ್ಲಿ ಸಿಕ್ಕಾನು?

ಬೇಕಾಗುವ ಕ್ಷೇತ್ರ ಭೂಮಿಯದಕ್ಕಿಂತ ಸಾವಿರಾರು ಪಟ್ಟು ಪ್ರಬಲ. 1966ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಎರಡು ತಂಡಗಳು ಬೇರೆಬೇರೆಯಾಗಿ ಇಂಡಿಯಂ ಆಂಟಿಮೊನೈಡ್ ಎಂಬ ವಸ್ತುವಿನ ಮೇಲೆ ಇದನ್ನು ಮಾಡಿ ತೋರಿಸಿದವು. 1980ರ ಹೊತ್ತಿಗೆ ಜಪಾನಿನ ಸೋನಿ ಕಂಪನಿಯವರು ಸಿಲಿಕಾನಿಗೂ ಒಗ್ಗಿಸಿದರು.

ಹಾಗೆಂದು ಇದೇ ಅಯಸ್ಕಾಂತ ತಂದು ಚುಂಚನಕಟ್ಟೆಯಲ್ಲಿ ನಿಲ್ಲಿಸಿದರೆ ಕಾವೇರಿಯೇನೂ ನಿಲ್ಲಳು. ನದಿಯ ನೀರು ಅಂಥ ಒಳ್ಳೆಯ ವಾಹಕವಲ್ಲ. ಈ ತಡೆಯನ್ನು ಕಾಣಬೇಕಾದರೆ ಹಳೆಯ ಕರೆಂಟ್ ಮೀಟರಿನ ಗಾಜಿನೊಳಗೆ ಇಣುಕಿ. ಅಲ್ಲಿ ತಿರುಗುವ ಅಲ್ಯೂಮಿನಿಯಂ ತಟ್ಟೆಗೆ ಕಡಿವಾಣ ಹಾಕಿರುವುದು ಅಯಸ್ಕಾಂತವೇ. ಮೀಟರ್ ಬಿಚ್ಚುವ ಸಾಹಸ ಬೇಡ. ಒಂದೆರಡು ಮೊಳ ಉದ್ದದ ದಪ್ಪ ಅಲ್ಯೂಮಿನಿಯಂ ಕೊಳವೆಯನ್ನು ನೆಟ್ಟಗೆ ಹಿಡಿದು, ಮೇಲಿನಿಂದ ಒಂದು ಕಬ್ಬಿಣದ ಗುಂಡು ಬಿಡಿ, ಥಟ್ಟನೆ ಬೀಳುತ್ತದೆ. ಈಗ ಅಷ್ಟೇ ದಪ್ಪದ ಬಲವಾದ ಅಯಸ್ಕಾಂತ ಬಿಟ್ಟು ನೋಡಿ. ಕೊಳವೆಗೆ ಅಂಟದೆಯೂ ಅದು ಯಾರೋ ಕೈಹಿಡಿದು ಇಳಿಸಿದಂತೆ ಸಾವಕಾಶವಾಗಿ ಇಳಿಯುತ್ತದೆ.