ನಾನು ಬರೆಸಿಕೊಂಡ ತಪ್ಪೊಪ್ಪಿಗೆ

ಮೂವತ್ತಾರನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಬೆಂಚಿನ ಮೇಲೆ ಕುಳಿತು ಪಾಠ ಕೇಳುವ ಯೋಗ ನನ್ನ ಜಾತಕದಲ್ಲಿತ್ತೆಂದು ಕಾಣುತ್ತದೆ. ಅದೂ ಎಂಥ ಪಾಠ! ಪಂಪ-ರನ್ನರ ಕಾವ್ಯವಲ್ಲ, ಕೇಶಿರಾಜನ ಸೂತ್ರವಲ್ಲ. ಕಳವು, ಕೊಲೆ, ದಸ್ತಗಿರಿ, ಜಾಮೀನು!

ನಡೆದದ್ದು ಇಷ್ಟು. 2024ರ ಜುಲೈ 1ರಂದು ದೇಶದಲ್ಲಿ ಮೂರು ಹೊಸ ಕಾನೂನುಗಳು ಜಾರಿಗೆ ಬಂದುವಷ್ಟೆ. ಆ ವರ್ಷ ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ, ಅಂತಿಮ ಬಿ.ಎ. ವಿದ್ಯಾರ್ಥಿಗಳಿಗೆ ದಂಡನ್ಯಾಯದ ಮೊದಲ ಪಾಠಗಳನ್ನಾದರೂ ಹೇಳಿಸಬೇಕೆಂಬ ಸದ್ಬುದ್ಧಿ ಹುಟ್ಟಿತು. ಪ್ರತಿ ಶನಿವಾರ ಒಂದೂವರೆ ಗಂಟೆ. ಪಾಠ ಹೇಳಲು ಊರಿನ ಹಿರಿಯ ವಕೀಲರೊಬ್ಬರು. ಹಾಜರಿ ಹಿಡಿದು, ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸಲು ನಾನು. "ಶನಿವಾರ ನಿಮಗೆ ಪಾಠವೂ ಕಡಮೆ, ಮೇಲಾಗಿ ನೀವು ಕನ್ನಡ ಎಂ.ಎ." ಎಂದರು ಪ್ರಿನ್ಸಿಪಾಲರು. ಎಂ.ಎ. ಪದವಿಗೆ ಇಂಥ ಉಪಯೋಗವೂ ಉಂಟೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕುಳಿತೆ. ಎಪ್ಪತ್ತರ ಆಸುಪಾಸಿನ ವಕೀಲರು ಬಂದರು. ಕಪ್ಪು ಕೋಟು ಮಾಸಿತ್ತು. ಕಂಠ ಮಾತ್ರ ಖಣಿಯೆನ್ನುತ್ತಿತ್ತು. 1862ರ ಜನವರಿ 1ರಂದು ಜಾರಿಗೆ ಬಂದ, ಮೆಕಾಲೆಯ ಹಸ್ತ ಸೋಕಿದ ಹಳೆಯ ದಂಡಸಂಹಿತೆಯಲ್ಲಿ 511 ಕಲಮುಗಳಿದ್ದುವು. ಅದರ ಸ್ಥಾನದಲ್ಲಿ ಈಗ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 358. "ನಲವತ್ತು ವರ್ಷ ಬಾಯಿಪಾಠ ಮಾಡಿದ್ದೆಲ್ಲ ಒಂದೇ ರಾತ್ರಿಯಲ್ಲಿ ಹಳತಾಯಿತು. ನಾನೂ ನಿಮ್ಮ ಜತೆಗೇ ಓದುತ್ತಿದ್ದೇನೆ, ಮಕ್ಕಳೇ" ಎಂದರು. ವಂಚನೆಯ 420ನೆಯ ಕಲಮು ಈಗ 318ರಲ್ಲಿ ಸೇರಿಕೊಂಡಿದೆಯಂತೆ. ಆದರೆ ಭಾಷೆ ಕಾನೂನಿನ ಮಾತನ್ನು ಕೇಳುತ್ತದೆಯೆ? ಮೋಸಗಾರನನ್ನು 'ಫೋರ್ ಟ್ವೆಂಟಿ' ಎಂದು ಬೈದು ತೃಪ್ತಿಪಡುವ ನಮ್ಮ ಜನ 'ಮುನ್ನೂರ ಹದಿನೆಂಟು' ಎಂದು ಬೈದಾರೆಂದು ನನಗೆ ತೋರುವುದಿಲ್ಲ.

ನನಗೋ ಪದಗಳದೇ ಚಪಲ. ಫಿರ್ಯಾದು, ವಕೀಲ, ಜಾಮೀನು, ಮಹಜರು, ರುಜುವಾತು, ಖುಲಾಸೆ – ಪಾರಸಿ ಅರಬ್ಬಿಗಳಿಂದ ಬಂದು ನಮ್ಮ ಕಚೇರಿಗಳಲ್ಲಿ ಬೀಡುಬಿಟ್ಟ ಈ ಶಬ್ದಗಳನ್ನು ಸಂತೋಷದಿಂದ ಬರೆದುಕೊಳ್ಳುತ್ತಿದ್ದೆ. ಒಂದು ಶನಿವಾರ ವಕೀಲರು ಕರಿಹಲಗೆಯ ಮೇಲೆ ಮೂರು ಪದಗಳನ್ನು ಬರೆದರು: ಶಂಕಿತ, ಆರೋಪಿ, ಅಪರಾಧಿ. "ಈ ಮೂರರ ನಡುವಣ ಅಂತರ ತಿಳಿದರೆ ಅರ್ಧ ಕಾನೂನು ತಿಳಿದಂತೆ" ಎಂದು, ನನ್ನ ಕಡೆಗೆ ನೋಡಿ, "ಮೇಷ್ಟರು ಹೇಳಬೇಕು, ಆರೋಪಿ ಎಂದರೇನು?" ಎಂದು ಕೇಳಿದರು.

ನನಗೆ ಹಿಗ್ಗಾಯಿತು. ಎದ್ದು ನಿಂತು, ಆರೋಪವೆಂದರೆ ಮೇಲಕ್ಕೆ ಏರಿಸುವುದು, ಹೊರಿಸುವುದು; ವ್ಯಾಕರಣದಂತೆ ನೋಡಿದರೆ ಹೊತ್ತವನು 'ಆರೋಪಿತ'ನಾಗಬೇಕು, ರೂಢಿಯಲ್ಲಿ 'ಆರೋಪಿ'ಯಾಗಿದ್ದಾನೆ ಎಂದು ವ್ಯಾಖ್ಯಾನಿಸಿದೆ.

"ಸೊಗಸಾಗಿ ಹೇಳಿದಿರಿ" ಎಂದರು ವಕೀಲರು. "ಹೊರಿಸಿದ್ದು ಬೇರೆಯವರು; ಹೊತ್ತವನು ಇವನು. ಹೊರೆ ಇವನದೇ ಎಂದು ತೋರಿಸುವ ಹೊಣೆ ಹೊರಿಸಿದವರದು. ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವವರೆಗೆ ಇವನು ನಿರಪರಾಧಿ. ನೆನಪಿಡಿ, 2022ರ ಲೆಕ್ಕದಂತೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ."

ಕುಳಿತುಕೊಳ್ಳುವಾಗ ಮೂರನೆಯ ಬೆಂಚಿನ ಕಿಟಕಿಯ ಬದಿಯಲ್ಲಿದ್ದ ಒಬ್ಬ ಹುಡುಗನ ಮೇಲೆ ನನ್ನ ಕಣ್ಣು ಬಿತ್ತು. ಅವನು ತಲೆ ತಗ್ಗಿಸಿ ಬರೆಯುತ್ತಿದ್ದ. ನನ್ನ ಹಿಗ್ಗು ಅಲ್ಲಿಗೇ ಇಳಿಯಿತು.

ಎರಡು ವರ್ಷದ ಹಿಂದಿನ ಮಾತು. ಆತ ಆಗ ಮೊದಲ ಬಿ.ಎ. ತರಗತಿಯವರೆಲ್ಲ ಬೇಲೂರು-ಹಳೇಬೀಡಿಗೆ ಪ್ರವಾಸ ಹೋಗಲು ಮುಂಗಡವಾಗಿ ಕೊಟ್ಟಿದ್ದ 4,200 ರೂಪಾಯಿ ಒಂದು ಲಕೋಟೆಯಲ್ಲಿ ನನ್ನ ಮೇಜಿನ ಸೆಳೆಖಾನೆಯಲ್ಲಿತ್ತು. ಬೀಗ ಹಾಕಿರಲಿಲ್ಲ. ಊಟ ಮುಗಿಸಿ ಬಂದು ನೋಡಿದರೆ ಲಕೋಟೆಯಿಲ್ಲ. ಈ ಹುಡುಗ ಒಂದು ಹೊರೆ ನೋಟುಪುಸ್ತಕಗಳನ್ನಿಟ್ಟು ಕೊಠಡಿಯಿಂದ ಹೊರಗೆ ಬಂದದ್ದನ್ನು ಜವಾನ ಕಂಡಿದ್ದ. ತಂದೆ ಗಾರೆ ಕೆಲಸದವರು. ಹುಡುಗನಿಗೆ ಹಣದ ಮುಗ್ಗಟ್ಟು ಎಂಬುದು ಎಲ್ಲರಿಗೂ ಗೊತ್ತು. ನನಗೆ ಇನ್ನೇನು ಬೇಕಾಗಿತ್ತು? ಬಡತನವೇ ಸಾಕ್ಷಿಯಾಗಿ ನಿಂತಿತು.

ಬಾಗಿಲು ಮುಚ್ಚಿ ಅವನನ್ನು ಎದುರಿಗೆ ನಿಲ್ಲಿಸಿಕೊಂಡೆ. ಗದರಿಸಲಿಲ್ಲ, ಕೈಯೆತ್ತಲಿಲ್ಲ. "ನಿಜ ಹೇಳಿಬಿಡಪ್ಪ, ಯಾರಿಗೂ ತಿಳಿಯದ ಹಾಗೆ ಇಲ್ಲಿಗೇ ಮುಗಿಸಿಬಿಡುತ್ತೇನೆ. ಇಲ್ಲವಾದರೆ ನಾಳೆ ನಿಮ್ಮ ತಂದೆಯನ್ನು ಕರೆಸಬೇಕಾಗುತ್ತದೆ" ಎಂದೆ. ಹುಡುಗ ಮೊದಲು 'ನಾನಲ್ಲ ಸಾರ್' ಎಂದ. ಮತ್ತೆ ಕೇಳಿದೆ. ಮತ್ತೆ ಅದನ್ನೇ ಎಂದ. ಗಂಟೆ ನಾಲ್ಕಾಯಿತು, ನಾಲ್ಕೂವರೆಯಾಯಿತು. ಕೊನೆಗೆ, "ನಾನೇ ತೆಗೆದೆ ಸಾರ್" ಎಂದ. ಒಂದು ಹಾಳೆಯ ಮೇಲೆ ಹಾಗೆಂದು ಬರೆಸಿ, ರುಜು ಹಾಕಿಸಿಕೊಂಡೆ. ತಿಂಗಳಿಗೆ ಆರುನೂರರಂತೆ ಏಳು ತಿಂಗಳಲ್ಲಿ, ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಂಚಿ ಗಳಿಸಿದ ದುಡ್ಡಿನಲ್ಲಿ, ಅವನು ಅಷ್ಟನ್ನೂ ತೀರಿಸಿದ. ಯಾರಿಗೂ ತಿಳಿಯದ ಹಾಗೆ ಎಂದೆನಲ್ಲ. ಮಾರನೆಯ ದಿನವೇ ಇಡೀ ತರಗತಿಗೆ ತಿಳಿದಿತ್ತು.

ಅಂದು ಮನೆಗೆ ಬಂದು ನನ್ನ ದಯಾಗುಣವನ್ನು ನನ್ನಾಕೆಯ ಮುಂದೆ ಬಣ್ಣಿಸಿಕೊಂಡೆ. ಅವಳು ಅಕ್ಕಿ ಆರಿಸುತ್ತ, "ಅವನು ತೆಗೆದದ್ದನ್ನು ಕಂಡವರು ಯಾರು?" ಎಂದಳು. "ಅವನೇ ಒಪ್ಪಿಕೊಂಡನಲ್ಲ!" ಎಂದೆ. ಅವಳು ಮತ್ತೆ ಮಾತನಾಡಲಿಲ್ಲ. ಮಡದಿಯ ಮೌನವನ್ನು ಸಮ್ಮತಿಯೆಂದು ತಿಳಿಯುವ ಗಂಡಸರ ಸಾಲಿನಲ್ಲಿ ನಾನೂ ಒಬ್ಬ.

ಮುಂದಿನ ಶನಿವಾರದ ಪಾಠ ತಪ್ಪೊಪ್ಪಿಗೆಯನ್ನು ಕುರಿತದ್ದು. ಅಧಿಕಾರಸ್ಥಾನದಲ್ಲಿರುವವರು ಆಮಿಷದಿಂದಲೋ ಬೆದರಿಕೆಯಿಂದಲೋ ಬಲಾತ್ಕಾರದಿಂದಲೋ ಭರವಸೆಯಿಂದಲೋ ಹೊರಡಿಸಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಇದು 24ನೆಯ ಕಲಮು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 22ನೆಯದು. ಪೊಲೀಸು ಅಧಿಕಾರಿಯ ಮುಂದೆ ಒಪ್ಪಿಕೊಂಡದ್ದನ್ನಂತೂ ಆರೋಪಿಯ ವಿರುದ್ಧ ರುಜುವಾತುಪಡಿಸುವ ಹಾಗೇ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಒತ್ತಾಯಿಸಕೂಡದೆಂದು ಸಂವಿಧಾನದ 20ನೆಯ ಅನುಚ್ಛೇದವೇ ಹೇಳುತ್ತದೆ. ತಪ್ಪೊಪ್ಪಿಗೆಯನ್ನು ಬರೆದುಕೊಳ್ಳುವ ಮ್ಯಾಜಿಸ್ಟ್ರೇಟರು ಮೊದಲು, 'ನೀನು ಹೇಳಲೇಬೇಕೆಂದಿಲ್ಲ. ಹೇಳಿದರೆ ಅದು ನಿನಗೇ ವಿರುದ್ಧವಾಗಬಹುದು' ಎಂದು ತಿಳಿಸಬೇಕು. ಯೋಚಿಸಲು ಸಾಮಾನ್ಯವಾಗಿ 24 ಗಂಟೆಯಾದರೂ ಕೊಡುವುದು ಯುಕ್ತವೆಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿಯೇ ಹೇಳಿದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹೊಡೆಯದೆ ಬಡಿಯದೆ, 'ಒಪ್ಪಿಕೋ, ಬಿಟ್ಟುಬಿಡುತ್ತೇನೆ' ಅಂತ ಅಂದರೆ?" ಎಂದು ಕೇಳಿದಳು.

"ಅದೂ ಒಂದು ಕೋಲೇ ತಾಯಿ. ಸದ್ದು ಮಾಡುವುದಿಲ್ಲ, ಅಷ್ಟೆ" ಎಂದರು ವಕೀಲರು.

ನನ್ನ ಲೇಖನಿ ನಿಂತಿತು. ಕಿಟಕಿಯ ಬದಿಯ ಹುಡುಗನೂ ಬರೆಯುವುದನ್ನು ನಿಲ್ಲಿಸಿದ್ದ. ಅವನು ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ನನ್ನ ಕೊಠಡಿ ನ್ಯಾಯಾಲಯವಲ್ಲ, ನಿಜ. ಆ ಕಲಮುಗಳು ನನ್ನನ್ನು ಕಟ್ಟಿಹಾಕುವುದಿಲ್ಲ. ಆದರೆ ಅವು ಹುಟ್ಟಿದ ಕಾರಣ ನನ್ನನ್ನೂ ಕಟ್ಟಿಹಾಕಬೇಡವೆ? ಆ ದಿನ ದೂರು ಕೊಟ್ಟವನು ನಾನು, ತನಿಖೆ ನಡೆಸಿದವನು ನಾನು, ತೀರ್ಪು ಹೇಳಿದವನು ನಾನು, ದಂಡ ವಸೂಲು ಮಾಡಿದವನೂ ನಾನೇ. ಪೊಲೀಸು ಬೇರೆ, ಅಭಿಯೋಜಕ ಬೇರೆ, ನ್ಯಾಯಾಧೀಶ ಬೇರೆ, ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ ಬೇರೆ ಎಂದು ಇಷ್ಟು ಮಂದಿಯನ್ನು ಬೇರೆ ಬೇರೆ ಕುರ್ಚಿಗಳಲ್ಲಿ ಕೂರಿಸಿರುವುದು ಏತಕ್ಕೆಂಬುದು ನನಗೆ ಆಗ ಹೊಳೆಯಿತು. ಒಂದೇ ಕುರ್ಚಿಯಲ್ಲಿ ಅವರೆಲ್ಲ ಕೂತರೆ ಎದುರಿಗೆ ನಿಂತವನಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ಇನ್ನೊಂದು ಸಂಗತಿ: ಐದು ಸಾವಿರಕ್ಕಿಂತ ಕಡಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು, ಅದನ್ನು ಹಿಂದಿರುಗಿಸಿದವನಿಗೆ ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯ ಶಿಕ್ಷೆ. ರುಜುವಾತಾದ ಕಳ್ಳನಿಗೂ ಕಾನೂನು ಅಷ್ಟು ಕರುಣೆ ತೋರುತ್ತದೆ. ನಾನು ಎರಡು ವರ್ಷ ಆ ಹುಡುಗನ ಮುಖಕೊಟ್ಟು ಮಾತನಾಡಿರಲಿಲ್ಲ.

ಹತ್ತು ವರ್ಷಗಳಿಂದ ದುರ್ಗಸಿಂಹನ ಪಂಚತಂತ್ರದ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆಯನ್ನು ಪಾಠ ಹೇಳುತ್ತ ಬಂದವನು ನಾನು. ಆಲದ ಮರವೇ ಸಾಕ್ಷಿ ನುಡಿದರೂ ಅಷ್ಟಕ್ಕೇ ನಂಬಿಬಿಡದೆ, ಪೊಟರೆಗೆ ಹೊಗೆ ಹಾಕಿ ಒಳಗಿರುವವರು ಯಾರೆಂದು ನೋಡಿದ ಕಥೆ ಅದು. ಪದಪದದ ಅರ್ಥವನ್ನು ಬಿಡಿಸಿ ಹೇಳಿದೆ. ನನ್ನ ಮನಸ್ಸಿನ ಪೊಟರೆಯೊಳಗೆ ಕುಳಿತು 'ಇವನೇ ಕಳ್ಳ' ಎಂದು ನುಡಿಯುತ್ತಿದ್ದುದು ಯಾವುದೆಂದು ಒಮ್ಮೆಯೂ ನೋಡಲಿಲ್ಲ.

ಸೋಮವಾರ ಅವನನ್ನು ಕರೆಸಿದೆ. ಈ ಸಲ ಬಾಗಿಲು ತೆರೆದಿಟ್ಟೆ, ಕುಳಿತುಕೊಳ್ಳಲು ಹೇಳಿದೆ. ಅವನು ಕುಳಿತುಕೊಳ್ಳಲಿಲ್ಲ.

"ಆ ದಿನ ಯಾಕಪ್ಪ ಒಪ್ಪಿಕೊಂಡೆ?"

ಬಹಳ ಹೊತ್ತಿನ ಮೇಲೆ ಹೇಳಿದ: "ಅಪ್ಪ ಬಂದಿದ್ದರೆ ನಿಮ್ಮ ಮಾತನ್ನೇ ನಂಬುತ್ತಿದ್ದರು ಸಾರ್. ಮೇಷ್ಟರು ಸುಳ್ಳು ಹೇಳುವುದಿಲ್ಲ ಅಂತ ಅವರಿಗೆ."

ಇದಕ್ಕೆ ನಾನೇನು ಹೇಳಲಿ? ಆ ಹಾಳೆಯನ್ನೂ, ಮನೆಯಿಂದ ತಂದಿದ್ದ 4,200 ರೂಪಾಯಿಯನ್ನೂ ಮೇಜಿನ ಮೇಲಿಟ್ಟು, "ತಪ್ಪು ನನ್ನದು, ಕ್ಷಮಿಸು" ಎಂದೆ. ಅವನು ಹಾಳೆಯನ್ನು ಓದಿ, ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಹಣವನ್ನು ಎಣಿಸಿ ತೆಗೆದುಕೊಂಡ. ಬೇಡವೆನ್ನಬಹುದೆಂದು ನಾನು ಒಳಗೊಳಗೇ ಎಣಿಸಿದ್ದೆ, ಬೇಡವೆನ್ನಲಿಲ್ಲ. ಅವನ ಬೆಳಗಿನ ಜಾವಗಳ ದುಡ್ಡು ಅದು, ಏಕೆ ಬೇಡವೆನ್ನಬೇಕು? ಬಾಗಿಲವರೆಗೆ ಹೋದವನು ನಿಂತು, "ಸಾರ್, ಇದನ್ನು ಕ್ಲಾಸಿನಲ್ಲೂ ಹೇಳುತ್ತೀರಾ?" ಎಂದು ಕೇಳಿದ.

ಆ ವಾರವೆಲ್ಲ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕ್ಷಮೆ ಕೇಳುವುದು ಕೊಠಡಿಯೊಳಗೆ ಸುಲಭ. ಆದರೆ ಅಪವಾದ ತರಗತಿಯೆಲ್ಲ ಹಬ್ಬಿತ್ತು. ತೀರ್ಪನ್ನು ತೆರೆದ ನ್ಯಾಯಾಲಯದಲ್ಲಿ ಓದಬೇಕೆಂಬ ನಿಯಮವಿರುವುದು ಸುಮ್ಮನೆಯೆ? ಶನಿವಾರ ಪಾಠಕ್ಕೆ ಮುಂಚೆ ವಕೀಲರ ಅಪ್ಪಣೆ ಪಡೆದು ಎದ್ದು ನಿಂತೆ. ಎರಡು ವರ್ಷದ ಹಿಂದೆ ನಾನು ಆಧಾರವಿಲ್ಲದೆ ಒಬ್ಬ ವಿದ್ಯಾರ್ಥಿಯ ಮೇಲೆ ಕಳವಿನ ಹೊರೆ ಹೊರಿಸಿದೆ, ಹೆದರಿಸಿ ಒಪ್ಪಿಸಿದೆ. ಆ ಮಾತನ್ನು ಎಲ್ಲರೆದುರಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ನನ್ನ ಕಾಲು ನಡುಗುತ್ತಿತ್ತು. ಯಾರೂ ಉಸಿರೆತ್ತಲಿಲ್ಲ. ವಕೀಲರು ಕನ್ನಡಕ ಒರೆಸಿಕೊಂಡು, "ಎಲ್ಲಿಗೆ ನಿಲ್ಲಿಸಿದ್ದೆವು?" ಎಂದು ಪಾಠ ಮುಂದುವರಿಸಿದರು.

ಆ ಲಕೋಟೆ ಇಂದಿಗೂ ಸಿಕ್ಕಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು, "ಹಣ ಸಿಗಲಿಲ್ಲ, ಬೇರೆ ಕಳ್ಳನೂ ಸಿಗಲಿಲ್ಲ. ಅವನು ತೆಗೆದಿಲ್ಲವೆಂದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಅವರು ಗೆದ್ದವರಂತೆ ನಕ್ಕರು. ಅವರಿಗೆ ಅರ್ಥವಾಗಲಿಲ್ಲ. ಗೊತ್ತಿಲ್ಲವೆಂಬುದೇ ಆ ಹುಡುಗನ ಪರವಾದ ತೀರ್ಪು. ಅವನು ಇನ್ನೇನನ್ನೂ ರುಜುವಾತು ಮಾಡಬೇಕಾಗಿಲ್ಲ.

ಮನೆಯಲ್ಲಿ ಈ ವೃತ್ತಾಂತವನ್ನೆಲ್ಲ ಹೇಳಿ ಮುಗಿಸಿದಾಗ ನನ್ನಾಕೆ, "ಇದನ್ನು ಕಲಿಯಲು ಕಾಲೇಜಿಗೆ ಹೋಗಬೇಕಾಯಿತೆ?" ಎಂದಳು. ಆಗಬೇಕಾಯಿತು. ಅದೂ ಹಿಂದಿನ ಬೆಂಚಿನಲ್ಲಿ ಕುಳಿತು, ನಾನೇ ತಪ್ಪಿತಸ್ಥನೆಂದು ಹೇಳಿ ಶಿಕ್ಷಿಸಿದ್ದ ಹುಡುಗನ ಬೆನ್ನನ್ನು ನೋಡುತ್ತ.