ಅಗಲ ಚಕ್ರದ ಕಾರು ಮತ್ತು ನಾನು ಕೇಳದೇ ಬಿಟ್ಟ ಪ್ರಶ್ನೆ

ಎರಡು ವರ್ಷದ ಹಿಂದೆ ಪೇಪರಿಗೆ ಒಂದು ಬಾಕ್ಸ್ ಐಟಂ ಬರೆದಿದ್ದೆ. ಹಿರಿಯೂರು ಕಡೆಯ ಹಳ್ಳಿಯ ಹುಡುಗ, ನನಗೆ ಚಿಕ್ಕಪ್ಪನ ಮಗ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಂದು ಅದನ್ನು ‘ಸ್ಪೋರ್ಟ್ಸ್ ಕಾರು’ ಮಾಡಿಕೊಂಡಿದ್ದ. ಹಿಂದೆ ಸ್ಪಾಯ್ಲರ್, ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ. ಎಲ್ಲಕ್ಕಿಂತ ಕಣ್ಣಿಗೆ ಬೀಳುತ್ತಿದ್ದದ್ದು ಅಗಲವಾದ ಅಲಾಯ್ ಚಕ್ರಗಳು.

ಅವತ್ತು ನನ್ನ ಕೈಯಲ್ಲಿ ಬೇರೆ ಸುದ್ದಿ ಇರಲಿಲ್ಲ. ಡೆಸ್ಕಿನಿಂದ ಫೋನು, ‘ಏನಾದ್ರೂ ಪಾಸಿಟಿವ್ ಸ್ಟೋರಿ ಇದ್ರೆ ಕಳ್ಸಿ’. ಕಳಿಸಿದೆ. ಹುಡುಗ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ ಫೋಟೊ, ಅದರ ಕೆಳಗೆ ನೂರೈವತ್ತು ಪದ. ಕಟಿಂಗ್ ವಾಟ್ಸಾಪಿನಲ್ಲಿ ಊರೂರು ಸುತ್ತಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕಳೆದ ಮಳೆಗಾಲದಲ್ಲಿ ಆಸ್ಪತ್ರೆ ಸುದ್ದಿಗೆಂದು ಹೋದಾಗ ವಾರ್ಡಿನಲ್ಲಿ ಒಬ್ಬ ಹುಡುಗ ನನ್ನ ಗುರುತು ಹಿಡಿದ. ಪಕ್ಕದ ಹೋಬಳಿಯವನು. ಮಂಚದ ಮೇಲೆ ಅವನ ತಾಯಿ, ಬಲಗೈಗೆ ಪ್ಲಾಸ್ಟರ್. ಹಿಂದಿನ ರಾತ್ರಿ ಮಳೆಯಲ್ಲಿ ನೆಂಟರ ಮನೆಯಿಂದ ವಾಪಸ್ ಬರುವಾಗ ಕಾರಿನ ಮುಂದಿನ ಎಡ ಟೈರ್ ಸಿಡಿದಿತ್ತು. ಕಾರು ರಸ್ತೆ ಪಕ್ಕದ ಗುಂಡಿಗೆ ಇಳಿದು ನಿಂತಿತ್ತು. ನನ್ನ ತಮ್ಮನದೇ ಮಾಡೆಲ್ ಕಾರು, ಅದೇ ಚಕ್ರ. ಚೀಟಿ ಎತ್ತಿದ ದುಡ್ಡಿನಲ್ಲಿ ಹಾಕಿಸಿದ್ದನಂತೆ.

ಆ ತಾಯಿ ನನ್ನನ್ನು ಬೈಯಲಿಲ್ಲ. ‘ಪೇಪರ್‌ನಲ್ಲಿ ಬಂದಿತ್ತಲ್ಲಪ್ಪಾ, ಒಳ್ಳೇದೇ ಇರ್ಬೇಕು ಅಂದ್ಕೊಂಡ್ವಿ’ ಅಂದರು.

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಡಿಪ್ಲೊಮಾದ ಮೊದಲ ವಾರವೇ ನಮಗೆ ಹೇಳಿಕೊಟ್ಟಿದ್ದರು: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ತಮ್ಮನ ಕಾರಿನ ಬಗ್ಗೆ ಬರೆಯುವಾಗ ನಾನು ಐದನ್ನು ಕೇಳಿದ್ದೆ. ‘ಎಷ್ಟು ಖರ್ಚಾಯ್ತು’ ಅಂತಲೂ ಕೇಳಿದ್ದೆ. ಆದರೆ ಆ ಚಕ್ರ ಆ ಕಾರಿಗೆ ಹೇಗೆ ಕೂತಿದೆ ಅಂತ ಮಾತ್ರ ಕೇಳಿರಲಿಲ್ಲ.

ಮಾರನೇ ದಿನ ಆ ಸಿಡಿದ ಟೈರನ್ನು ಹುಡುಗನ ಜತೆ ಹೊತ್ತುಕೊಂಡು ಹೈವೇ ಪಕ್ಕದ ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಟೈರಿನ ಒಳಮೈ ನಮ್ಮ ಕಡೆ ತಿರುಗಿಸಿದರು. ಕಾರು ನಿಂತಾಗ ಯಾರ ಕಣ್ಣಿಗೂ ಬೀಳದ ಮೈ ಅದು. ಸುತ್ತಲೂ ಕುಡುಗೋಲಲ್ಲಿ ಗೀರಿದ ಹಾಗೆ ಒಂದು ಗೆರೆ, ಗೆರೆಯೊಳಗೆ ನೂಲು ಕಾಣುತ್ತಿತ್ತು. ‘ಇದು ಒಂದಿನದ ಕೆಲ್ಸ ಅಲ್ಲ ಸಾರ್. ತಿಂಗಳುಗಟ್ಲೆ ಶಾಕ್ ಅಬ್ಸಾರ್ಬರ್‌ಗೆ ಉಜ್ಜಿದೆ’ ಅಂದರು. ಆಮೇಲೆ ಚಾಕ್‌ಪೀಸ್ ತಗೊಂಡು ನೆಲದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಅದನ್ನು ನಿಮಗೂ ಹೇಳುತ್ತೇನೆ, ಕಷ್ಟವೇನಿಲ್ಲ.

ಕಾರಿನ ಜತೆ ಬಂದಿದ್ದ ಟೈರಿನ ಮೇಲಿನ ಅಂಕಿ 165/80 ಆರ್14. ಮೊದಲನೆಯದು ಅಗಲ, 165 ಮಿ.ಮೀ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ 80ರಷ್ಟು, ಅಂದರೆ 132 ಮಿ.ಮೀ. ಆರ್ ಅಂದರೆ ರೇಡಿಯಲ್. ಕೊನೆಯದು ರಿಮ್ಮಿನ ವ್ಯಾಸ, 14 ಇಂಚು. ಹುಡುಗರು ಹಾಕಿಸಿದ್ದು 205/50 ಆರ್16. ಗೋಡೆ 102.5 ಮಿ.ಮೀ.

ಇವೆರಡರ ಒಟ್ಟು ಎತ್ತರ ಲೆಕ್ಕ ಹಾಕಿದರೆ ಹಳೆಯದು ಸುಮಾರು 620 ಮಿ.ಮೀ., ಹೊಸದು 611. ಹೆಚ್ಚೂಕಮ್ಮಿ ಒಂದೇ. ಚಕ್ರ ಮಾರಿದವನು ಇಬ್ಬರಿಗೂ ಹೇಳಿದ್ದು ಇದನ್ನೇ: ‘ಹೈಟ್ ಸೇಮ್ ಇದೆ, ಏನೂ ತೊಂದ್ರೆ ಇಲ್ಲ’. ಹೈಟ್ ವಿಷಯದಲ್ಲಿ ಅವನು ಸುಳ್ಳು ಹೇಳಲಿಲ್ಲ. ಅಗಲದ ವಿಷಯ ಎತ್ತಲಿಲ್ಲ ಅಷ್ಟೇ.

ಅಗಲ 40 ಮಿ.ಮೀ. ಜಾಸ್ತಿಯಾಗಿದೆ. ಒಳಗೆ 20, ಹೊರಗೆ 20. ಇದರ ಮೇಲೆ ಆಫ್‌ಸೆಟ್ ಅಂತ ಇನ್ನೊಂದಿದೆ. ರಿಮ್ಮಿನ ನಟ್ಟನಡುವಿನ ಗೆರೆಯಿಂದ, ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಇದೆ ಅನ್ನುವ ಅಳತೆ. ರಿಮ್ಮಿನ ಮೇಲೆ ‘ಇಟಿ’ ಅಂತ ಅಚ್ಚು ಹಾಕಿ ಪಕ್ಕದಲ್ಲಿ ಅಂಕಿ ಕೊಟ್ಟಿರುತ್ತಾರೆ. ಹಳೆಯ ರಿಮ್ಮಿನಲ್ಲಿ 45 ಇತ್ತು, ಹೊಸದರಲ್ಲಿ 35. ಹತ್ತು ಕಡಿಮೆಯಾದರೆ ಇಡೀ ಚಕ್ರ 10 ಮಿ.ಮೀ. ಹೊರಗೆ ಸರಿಯುತ್ತದೆ. ಅಂದರೆ ಟೈರು ಹೊರಗಡೆ 30 ಮಿ.ಮೀ. ಚಾಚಿದೆ, ಒಳಗಡೆ 10 ಮಿ.ಮೀ. ನುಗ್ಗಿದೆ.

ಹೊರಗೆ ಚಾಚಿದ್ದು ಎಲ್ಲರಿಗೂ ಕಾಣುತ್ತದೆ, ಚೆಂದವೂ ಕಾಣುತ್ತದೆ. ನಾನು ಫೋಟೊ ತೆಗೆದದ್ದು ಅದನ್ನೇ. ಐದು ಜನ ಕೂತು ಹಂಪ್ ಹಾರಿದಾಗ ಅದು ಫೆಂಡರಿಗೆ ತಾಗಿ ‘ಕರ್’ ಅನ್ನುತ್ತದೆ. ಭಾರ ಹೊರಗೆ ಹೋದಷ್ಟೂ ಬೇರಿಂಗಿಗೆ ಸನ್ನೆ ಹಾಕಿದಂತೆ, ಬೇಗ ಸವೆಯುತ್ತದೆ. ಒಳಗೆ ನುಗ್ಗಿದ ಹತ್ತು ಮಿಲಿಮೀಟರ್ ಮಾತ್ರ ಯಾರಿಗೂ ಕಾಣುವುದಿಲ್ಲ. ಆ ತಾಯಿಯ ಕೈ ಮುರಿದದ್ದು ಆ ಹತ್ತು ಮಿಲಿಮೀಟರ್.

‘ಅಗಲ ಟೈರ್ ಇದ್ರೆ ಗ್ರಿಪ್ ಜಾಸ್ತಿ ಅಲ್ವಾ?’ ಅಂತ ಹುಡುಗ ಕೇಳಿದ. ನಾನೂ ಹಾಗೇ ಅಂದುಕೊಂಡಿದ್ದೆ. ಒಣ ಡಾಂಬರಿನ ಮೇಲೆ, ಒಳ್ಳೆ ರಬ್ಬರ್ ಇದ್ದರೆ, ತಿರುವಿನಲ್ಲಿ ಲಾಭ ಇದೆ. ಆದರೆ ಗಾಳಿಯ ಒತ್ತಡ ಒಂದೇ ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ ಬಹಳವೇನೂ ಹೆಚ್ಚುವುದಿಲ್ಲ, ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಇದು ತಿರುಗುಬಾಣ. ಅಗಲ ಟೈರು ನೀರನ್ನು ಸೀಳಲಾರದೆ ಬೇಗ ಅದರ ಮೇಲೆ ತೇಲುತ್ತದೆ. ಗೋಡೆ ಗಿಡ್ಡವಾದ್ದರಿಂದ ನಮ್ಮ ರಸ್ತೆ ಗುಂಡಿಯ ಪೆಟ್ಟು ನೇರ ರಿಮ್ಮಿಗೇ ಬೀಳುತ್ತದೆ.

ಹಾಗಾದರೆ ನಿಜವಾದ ಸ್ಪೋರ್ಟ್ಸ್ ಕಾರುಗಳಿಗೆ ಅಗಲ ಟೈರು ಯಾಕೆ? ಅಲ್ಲಿ ಇಡೀ ಕಾರನ್ನೇ ಆ ಚಕ್ರಕ್ಕೆ ಹೊಂದಿಸಿ ಕಟ್ಟಿರುತ್ತಾರೆ. ಪೋರ್ಶೆ 911ರಲ್ಲಿ ಇಂಜಿನ್ ಇರುವುದು ಹಿಂದೆ. ಭಾರವೂ ಹಿಂದೆ, ಅದಕ್ಕೇ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಟೊಯೊಟಾ ಕಂಪನಿಯವರು 2012ರಲ್ಲಿ ‘86’ ಅನ್ನುವ ಸ್ಪೋರ್ಟ್ಸ್ ಕಾರು ತಂದಾಗ ಬೇಕೆಂದೇ 215 ಮಿ.ಮೀ.ನ ಸಾಧಾರಣ ಟೈರು ಹಾಕಿದ್ದರು. ಅದೇ ಕಂಪನಿಯ ಮೈಲೇಜ್ ಕಾರು ಪ್ರಿಯಸ್‌ನಲ್ಲೂ ಆ ಅಳತೆಯ ಟೈರು ಬರುತ್ತಿತ್ತು. ಕಾರು ಹಗುರಾಗಿ, ಆಟವಾಡುವ ಹಾಗೆ ತಿರುಗಬೇಕು ಅನ್ನುವುದು ಅವರ ಲೆಕ್ಕ. ಸ್ಪೋರ್ಟ್ಸ್ ಕಾರು ಮಾಡಿದವರೇ ಅಗಲಕ್ಕೆ ಆಸೆ ಪಡಲಿಲ್ಲ ಅಂತ ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಐಟಂ ಬೇರೆಯೇ ಆಗುತ್ತಿತ್ತು.

ಆ ಸಂಜೆ ತಮ್ಮನ ಮನೆಗೆ ಹೋದೆ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ ನಿಲ್ಲಿಸು ಅಂದೆ. ಒಳಗೆ ಕೈ ಹಾಕಿದ. ಮುಖ ಬಾಡಿತು. ‘ನಂದೂ ಹಂಗೇ ಆಗೈತೆ ಕಣಣ್ಣಾ’ ಅಂದ. ನೂಲು ಕಂಡಿರಲಿಲ್ಲ, ಗೆರೆ ಬಿದ್ದಿತ್ತು. ಅದೇ ಕಾರಿನಲ್ಲಿ ಅವನು ದಿನಾ ತನ್ನ ಮಗಳನ್ನು ಸ್ಕೂಲಿಗೆ ಬಿಡುತ್ತಿದ್ದ. ಹಳೇ ಚಕ್ರಗಳನ್ನು ಮಾರಿಬಿಟ್ಟಿದ್ದ. ಹುಡುಕಿ ಬೇರೆ ನಾಲ್ಕು ತರಲು ಎರಡು ವಾರ ಹಿಡಿಯಿತು. ಅಲಾಯ್‌ಗಳು ಈಗ ದನದ ಕೊಟ್ಟಿಗೆಯ ಗೋಡೆಗೆ ಒರಗಿವೆ. ಮಾರು ಅಂತ ನಾನು ಹೇಳುತ್ತಿಲ್ಲ, ಯಾರಿಗೆ ಮಾರುವುದು?

ಇದನ್ನೆಲ್ಲ ಬರೆದು ಪೇಪರಿಗೂ ಕಳಿಸಿದೆ. ‘ಅಪಘಾತದ ಸುದ್ದಿ ಆವತ್ತೇ ಬಂದಿದೆಯಲ್ರೀ’ ಅಂದರು. ಬಂದಿತ್ತು, ನಾಲ್ಕು ಸಾಲು, ಟೈರ್ ಸ್ಫೋಟ ಅಂತ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆ ಕಟಿಂಗ್ ಇನ್ನೂ ಯಾವುದಾದರೂ ಗ್ರೂಪಿನಲ್ಲಿ ನಿಮಗೆ ಬಂದರೆ ದಯವಿಟ್ಟು ಅದರ ಕೆಳಗೆ ಇದನ್ನೂ ಹಾಕಿ.

ಚಕ್ರ ಬದಲಿಸಲೇಬೇಕು ಅನ್ನುವವರಿಗೆ ಒಂದಿಷ್ಟು ಮಾತು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಕಂಪನಿ ಒಪ್ಪುವ ಟೈರಿನ ಅಳತೆ ಮತ್ತು ಗಾಳಿ ಅದರಲ್ಲಿದೆ. ಅದರಾಚೆ ಹೋಗಬೇಡಿ. ಕಂಪನಿ ಕೊಟ್ಟ ವಾಹನದ ಮೂಲ ವಿವರ ಬದಲಾಗುವಂಥ ಮಾರ್ಪಾಡು ಕೂಡದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅಪಘಾತವಾದರೆ ವಿಮೆಯವರೂ ಅದನ್ನೇ ಹಿಡಿಯಬಹುದು. ಅಂಗಡಿಯವನು ಹೈಟ್ ಹೇಳಿದರೆ ಅಗಲ ಕೇಳಿ, ಆಫ್‌ಸೆಟ್ ಕೇಳಿ, ಬೋಲ್ಟಿನ ಅಳತೆಯ ಜತೆ ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರುತ್ತದಾ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಈಗಾಗಲೇ ಹಾಕಿಸಿದ್ದೀರಾ? ನಾಳೆ ಬೆಳಗ್ಗೆ ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ. ಇಳಿದು ಮುಂದಿನ ಟೈರಿನ ಒಳಮೈ ಮೇಲೆ ಕೈಯಾಡಿಸಿ. ಇನ್ನೊಂದು ಕಡೆ ತಿರುಗಿಸಿ, ಮತ್ತೊಂದು ಟೈರನ್ನೂ ನೋಡಿ. ಗೆರೆ ಕೈಗೆ ಸಿಕ್ಕಿದರೆ ಅವತ್ತು ಆ ಕಾರಿನಲ್ಲಿ ಯಾರನ್ನೂ ಕೂರಿಸಬೇಡಿ.