ಕಪ್ಪು ಲಿಂಕನ್ನಿನ ಲೆಕ್ಕ

ಜುಲೈ 9, 2023, ಭಾನುವಾರ
ನೋವೈ, ಮಿಷಿಗನ್

ಮಾರಾಟಕ್ಕಿದೆ ಎಂದು ಕೇಳಿದ್ದ ಕಾರನ್ನು ನಾನೂ ಹೆಂಡತಿಯೂ ಹೋಗಿ ನೋಡಿ ಬಂದೆವು. 1961ರ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್, ಕಪ್ಪು ಬಣ್ಣ. ಯಜಮಾನರು ಎಂಬತ್ತು ದಾಟಿದವರು, ಪಕ್ಕದ ವಿಕ್ಸಂನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದವರು. ಕಾರು ತಯಾರಾದದ್ದೂ ಅಲ್ಲೇ. ಆ ಕಾರ್ಖಾನೆ 2007ರಲ್ಲಿ ಮುಚ್ಚಿತು.

ನನಗೆ ಹಿಡಿಸಿದ್ದು ಅದರ ಮಿತ. ಎರಡು ವರ್ಷ ಹಿಂದಿನ ಕ್ಯಾಡಿಲಾಕ್‌ಗಿದ್ದ ರಾಕೆಟ್ ರೆಕ್ಕೆ ಇದಕ್ಕಿಲ್ಲ, ಮೈತುಂಬ ಕ್ರೋಮ್ ಮೆತ್ತಿಲ್ಲ. ಮುಂದಿನಿಂದ ಹಿಂದಿನ ದೀಪದವರೆಗೆ ಭುಜದ ಒಂದೇ ನೇರ ಗೆರೆ, ಆ ಅಂಚಿಗೊಂದು ತೆಳು ಪಟ್ಟಿ. ಹಿಂದಿನ ಬಾಗಿಲುಗಳಿಗೆ ಕೀಲು ಹಿಂಬದಿಯಲ್ಲಿ. ಮುಂದಿನದೂ ಹಿಂದಿನದೂ ನಡುವಿನಿಂದ ಆಚೆಗೊಂದು ಈಚೆಗೊಂದು ತೆರೆದುಕೊಳ್ಳುತ್ತವೆ, ತೊಟ್ಟಿಮನೆಯ ಜೋಡಿ ಕದದ ಹಾಗೆ. “ಅತ್ತೆ ಇದ್ದಿದ್ದರೆ ಸೀರೆ ಸಿಕ್ಕಿಸಿಕೊಳ್ಳದೆ ಹತ್ತಿ ಕೂರುತ್ತಿದ್ದರು” ಎಂದಳು ಇವಳು.

ಜುಲೈ 12, ಬುಧವಾರ

ಊಟವಾದ ಮೇಲೆ ಈ ಕಾರಿನ ಜಾತಕ ಓದುತ್ತ ಕೂತೆ. ವಿನ್ಯಾಸಕ ಎಲ್ವುಡ್ ಎಂಗೆಲ್ ಈ ರೂಪ ಕೊಟ್ಟದ್ದು ಫೋರ್ಡಿನ ಇನ್ನೊಂದು ಕಾರು ಥಂಡರ್‌ಬರ್ಡ್‌ಗೆಂದು. ಫೋರ್ಡ್ ಕಂಪನಿಯಲ್ಲಿ ಆಗ ದೊಡ್ಡ ಹುದ್ದೆಯಲ್ಲಿದ್ದ ರಾಬರ್ಟ್ ಮೆಕ್‌ನಮಾರಾ ಮಾದರಿಯನ್ನು ನೋಡಿ, ಇದನ್ನೇ ನಾಲ್ಕು ಬಾಗಿಲಿನ ಲಿಂಕನ್ ಮಾಡಿ ಎಂದರು. ಲಿಂಕನ್ ಆಗ ನಷ್ಟದ ಬಾಬ್ತು. ಇದೇ ಮೆಕ್‌ನಮಾರಾ ಮುಂದೆ ಅಧ್ಯಕ್ಷ ಕೆನಡಿಯ ರಕ್ಷಣಾ ಕಾರ್ಯದರ್ಶಿಯಾಗಿ ವಿಯೆಟ್ನಾಂ ಯುದ್ಧದಲ್ಲಿ ಹೆಸರು ಕೆಡಿಸಿಕೊಂಡವರು.

ಹೊಸ ಕಾರು ಹಿಂದಿನ ವರ್ಷದ ಲಿಂಕನ್‌ಗಿಂತ ಒಂದಡಿಗೂ ಹೆಚ್ಚು ಗಿಡ್ಡ. ಉದ್ದವೇ ದೊಡ್ಡಸ್ತಿಕೆ ಎಂದುಕೊಂಡಿದ್ದ ಡೆಟ್ರಾಯ್ಟಿನಲ್ಲಿ ಅದು ಸಣ್ಣ ಧೈರ್ಯವಲ್ಲ. ಗಿಡ್ಡ ಎಂದರೂ 212 ಅಂಗುಲ. ನಮ್ಮ ಗ್ಯಾರೇಜಿಗೆ ಹಿಡಿಸುತ್ತದೆ, ಹಿಮ ತೆಗೆಯುವ ಯಂತ್ರ ಆಚೆ ಬರಬೇಕು.

ಜುಲೈ 15, ಶನಿವಾರ

ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಹೋಗಿದ್ದೆವು. ಕೆನಡಿ ಗುಂಡೇಟು ತಿಂದ ಕಾರು ಅಲ್ಲಿದೆ. ಅದೂ 1961ರ ಕಾಂಟಿನೆಂಟಲ್ಲೇ; ಸಿನ್ಸಿನಾಟಿಯ ಹೆಸ್ ಅಂಡ್ ಐಸೆನ್‌ಹಾರ್ಟ್‌ನವರು ನಡುವೆ ಕತ್ತರಿಸಿ ಉದ್ದ ಮಾಡಿದ್ದು. ಹತ್ಯೆಯ ನಂತರ ಅದನ್ನು ಗುಜರಿಗೆ ಹಾಕಲಿಲ್ಲ ಎಂಬುದು ಮಗಳಿಗೆ ಸೋಜಿಗ. ಗುಂಡು ತಡೆಯುವ ಕವಚ, ತೆಗೆಯಲಾಗದ ಮಾಡು ಕೂರಿಸಿ 1977ರವರೆಗೂ ಅಧ್ಯಕ್ಷರ ಸೇವೆಯಲ್ಲಿ ಓಡಿಸಿದರು. ಜಗತ್ತಿನ ಅತಿ ಪ್ರಸಿದ್ಧ ತೆರೆದ ಕಾರು ಈಗ ಮುಚ್ಚಿಕೊಂಡೇ ನಿಂತಿದೆ.

ಜುಲೈ 29, ಶನಿವಾರ

ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಯಜಮಾನರು ಸ್ವಿಚ್ ಒತ್ತಿದರು. ಡಿಕ್ಕಿಯ ಬೀಗ ತಾನಾಗಿ ಬಿಚ್ಚಿಕೊಂಡಿತು. ಮುಚ್ಚಳ ಇಡೀ ಹಿಂದಕ್ಕೆ ಬಾಯ್ದೆರೆಯಿತು. ಬಟ್ಟೆಯ ಮಾಡು ಮುಂಗಾಜಿನ ಹಿಡಿತ ಬಿಟ್ಟು ಎದ್ದು, ಮಡಚಿಕೊಂಡು ಒಳಗಿಳಿಯಿತು. ಮುಚ್ಚಳ ಮತ್ತೆ ಮುಚ್ಚಿತು. ಬೇರೆ ಕನ್ವರ್ಟಿಬಲ್‌ಗಳಲ್ಲಿ ಬೆನ್ನ ಮೇಲೆ ಗಂಟುಮೂಟೆಯಂತೆ ಕಾಣುವ ಬಟ್ಟೆ ಇಲ್ಲಿ ಹೆಸರಿಗೂ ಇಲ್ಲ. ಗೆರೆ ಎಲ್ಲೂ ಮುರಿಯುವುದಿಲ್ಲ.

ಎರಡನೇ ಸಲ ಒತ್ತಿದಾಗ ಮುಚ್ಚಳ ಅರ್ಧದಲ್ಲೇ ನಿಂತಿತು. ಮೆಕ್ಯಾನಿಕ್ ನಕ್ಕ. ಒಳಗೆ ಹೈಡ್ರಾಲಿಕ್ ಪಂಪು, ಮೋಟಾರು, ಸಾಲುಸಾಲು ರಿಲೇ, ಲಿಮಿಟ್ ಸ್ವಿಚ್. ಒಂದು ಕೆಲಸ ಮುಗಿಯಿತೆಂದು ಸ್ವಿಚ್ ಹೇಳಿದರಷ್ಟೇ ಮುಂದಿನದು ಶುರು. ಅರವತ್ತು ವರ್ಷದ ವೈರಿನಲ್ಲಿ ಯಾವುದು ಮಾತು ನಿಲ್ಲಿಸಿತು ಎಂದು ಹುಡುಕಬೇಕು. ಹುಡುಕಲು ಬಲ್ಲವರು ಕಡಿಮೆ, ಕೂಲಿ ಜಾಸ್ತಿ. ಮಾಡು ಇಳಿಸಿದರೆ ಡಿಕ್ಕಿಯಲ್ಲಿ ಸೂಟ್‌ಕೇಸಿಗೂ ಜಾಗವಿಲ್ಲ. ಹಿಂದಿನ ಬಾಗಿಲು ತೆರೆದಾಗ ಅದರ ಗಾಜು ತಾನೇ ಸ್ವಲ್ಪ ಕೆಳಗಿಳಿಯಬೇಕು; ಅದಕ್ಕೂ ಒಂದು ಸ್ವಿಚ್. ವೈಪರ್ ಓಡುವುದೂ ಪವರ್ ಸ್ಟೀರಿಂಗಿನ ಎಣ್ಣೆಯ ಒತ್ತಡದಿಂದ.

ಆಮೇಲೆ ಕಾರಿನಡಿ ಮಲಗಿ ಟಾರ್ಚ್ ಬಿಟ್ಟ. ಇದಕ್ಕೆ ಬೇರೆ ಛಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಮಾಡಿನ ಆಸರೆಯೂ ಇಲ್ಲದ್ದರಿಂದ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಗಟ್ಟಿ ಇರಲೇಬೇಕು. ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿನ್ನುವುದು ಮೊದಲು ಅದನ್ನೇ. ಎಡಗಡೆ ತುಕ್ಕು ಹಿಡಿದಿದೆ.

ಆಗಸ್ಟ್ 19, ಶನಿವಾರ

ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. 1995ರಿಂದ ನಡೆದುಬಂದ ಹಳೆ ಕಾರುಗಳ ಜಾತ್ರೆ. ಯಜಮಾನರು ನನ್ನನ್ನೂ ಕೂರಿಸಿಕೊಂಡರು. ಮಾಡನ್ನು ಮನೆಯಲ್ಲೇ ಇಳಿಸಿ ಹೊರಟೆವು. ಏಳು ಲೀಟರಿನ ವಿ-8 ಎಂಜಿನ್‌ಗೆ ಅವಸರವೇ ಗೊತ್ತಿಲ್ಲ, ಸದ್ದೂ ಇಲ್ಲ. ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿ ಕೂತವರು ಕೈಬೀಸಿದರು. ನಾನೂ ಬೀಸಿದೆ, ಮಂತ್ರಿಯ ಹಾಗೆ! ಆಕಾಶ ಪೂರ್ತಿ ನಮ್ಮದೇ ಅನ್ನಿಸುತ್ತದೆ ಅದರಲ್ಲಿ.

ಸಿಗ್ನಲ್ಲಿನಲ್ಲಿ ಅವರು ಬಹಳ ಮುಂಚೆಯೇ ಬ್ರೇಕ್ ಒತ್ತುವುದು ಕಂಡೆ. ಎರಡೂಕಾಲು ಟನ್ನಿಗೂ ಹೆಚ್ಚು ತೂಕಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ. ಮುಂದಿನ ಚಕ್ರಗಳಿಗೆ ಡಿಸ್ಕ್ ಬಂದದ್ದು 1965ರಲ್ಲಿ. ಗ್ಯಾಲನ್‌ಗೆ ಹತ್ತು ಮೈಲಿ ಬಂದರೆ ಪುಣ್ಯ ಎಂದರು.

ಆಗಸ್ಟ್ 20, ಭಾನುವಾರ

ಫೋನ್ ಮಾಡಿ, ಕೊಳ್ಳುವುದಿಲ್ಲ ಎಂದು ಹೇಳಿದೆ. ಬೇಸರಿಸಿಕೊಳ್ಳಲಿಲ್ಲ, ಪುಣ್ಯಾತ್ಮ.

ಈ ಕಾರಿನ ಚೆಲುವು ಹೊರಗಿನ ಸರಳತೆಯಲ್ಲಿದೆ. ಆ ಸರಳತೆ ಉಳಿಸಲು ಕನ್ವರ್ಟಿಬಲ್ ತನ್ನ ಜಟಿಲತೆಯನ್ನೆಲ್ಲ ಡಿಕ್ಕಿಯಲ್ಲಿ ತುಂಬಿಕೊಂಡಿದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಶನಿವಾರಗಳನ್ನು ಕಳೆಯಬಲ್ಲವನಿಗೆ ಅದು ಸಂತೋಷ, ನನ್ನಂಥವನಿಗೆ ಸಾಲ. 1961ರಲ್ಲಿ ಕನ್ವರ್ಟಿಬಲ್ ಬಂದದ್ದು 2,857 ಮಾತ್ರ, ಲೋಹದ ಮಾಡಿನ ಸೆಡಾನ್ 22,303. ಅದೇ ಗೆರೆ, ಅದೇ ಬಾಗಿಲು, ಅದೇ ಎಂಜಿನ್. ಬೆಲೆ ಕಡಿಮೆ, ಡಿಕ್ಕಿಯಲ್ಲಿ ಜಾಗವೂ ಉಂಟು. ಉಪ್ಪು ಕಾಣದ ಊರಿನ ಸೆಡಾನ್ ಸಿಕ್ಕರೆ ನೋಡಬೇಕು.